ಪೌತಿ ಖಾತೆ ನನ್ನೊಬ್ಬನ ಹೆಸರಿಗೇ ಆಗಿದೆ, ಅಕ್ಕತಂಗಿಯರಿಗೆ ಇನ್ನೂ ಪಾಲಿದೆಯಾ?

ಇದೆ. ಪೌತಿ ಖಾತೆ ಎಂದರೆ ಜಮೀನಿನ ಮಾಲೀಕರು ತೀರಿಕೊಂಡ ಮೇಲೆ ಕಂದಾಯ ದಾಖಲೆಯಲ್ಲಿ ಹೆಸರು ಬದಲಾಯಿಸುವುದು, ಅಷ್ಟೇ. ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಖಾತೆ ಯಾರ ಹೆಸರಿಗಾಗಿದ್ದರೂ ಅಕ್ಕತಂಗಿಯರ ಪಾಲು ಹಾಗೇ ಉಳಿದಿರುತ್ತದೆ. ಜಮೀನು ಮಾರಲು ಹೊರಟಾಗಲೋ ಬ್ಯಾಂಕಿನಲ್ಲಿ ಸಾಲ ಕೇಳಿದಾಗಲೋ ಎದುರಿನ ವಕೀಲರು ‘ಸಹೋದರಿಯರ ಸಹಿ ಎಲ್ಲಿ?’ ಅನ್ನುತ್ತಾರೆ. ಅಲ್ಲಿಯವರೆಗೆ ಕಂದಾಯ ಕಟ್ಟಿಕೊಂಡು ನಿಶ್ಚಿಂತೆಯಿಂದ ಇದ್ದವರು ಆಮೇಲೆ ನಮ್ಮ ಕಚೇರಿಗೆ ಈ ಪ್ರಶ್ನೆ ಹಿಡಿದು ಬರುತ್ತಾರೆ.

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 128 ಮತ್ತು 129ನೇ ಕಲಮಿನಡಿ ನಡೆಯುವ ಖಾತೆ ಬದಲಾವಣೆ, ಸರ್ಕಾರ ಯಾರಿಂದ ಕಂದಾಯ ವಸೂಲಿ ಮಾಡಬೇಕು ಎಂದು ತಿಳಿಯಲು ಇಟ್ಟುಕೊಂಡ ದಾಖಲೆ. ಪಹಣಿಯಲ್ಲಿರುವುದು ನಿಜವೆಂದು 133ನೇ ಕಲಮು ಭಾವಿಸುತ್ತದೆ, ಆದರೆ ಅದು ಸುಳ್ಳೆಂದು ಸಾಬೀತಾಗುವವರೆಗೆ ಮಾತ್ರ. ಖಾತೆಯಿಂದ ಮಾಲೀಕತ್ವ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆಮೇಲೂ ಹಲವು ಸಲ ಹೇಳಿದೆ.

ನಿಮ್ಮ ಪಹಣಿಯನ್ನೇ ತೆಗೆದು ನೋಡಿ. 9ನೇ ಕಾಲಮಿನಲ್ಲಿ ನಿಮ್ಮ ಹೆಸರು ಇರುತ್ತದೆ. ಎಲ್ಲರೂ ನೋಡುವುದು ಅಷ್ಟನ್ನೇ. ಪಕ್ಕದ 10ನೇ ಕಾಲಮಿನಲ್ಲಿ, ಆ ಹೆಸರು ಬಂದಿದ್ದು ಹೇಗೆ ಎಂಬುದು ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ವಹಿ) ಸಂಖ್ಯೆಯ ಜೊತೆಗಿರುತ್ತದೆ. ಅಲ್ಲಿ ‘ಪೌತಿ’ ಎಂದಿದ್ದರೆ ಅದನ್ನು ಓದಿದ ವಕೀಲರು ಆ ಎಂ.ಆರ್. ಪ್ರತಿಯನ್ನೂ ವಂಶವೃಕ್ಷವನ್ನೂ ತರಿಸುತ್ತಾರೆ. ವಂಶವೃಕ್ಷದಲ್ಲಿ ಮೂರು ಹೆಣ್ಣುಮಕ್ಕಳಿದ್ದು ಪಹಣಿಯಲ್ಲಿ ಒಬ್ಬ ಮಗ ಮಾತ್ರ ಇದ್ದರೆ ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ. ವಂಶವೃಕ್ಷದಲ್ಲೇ ಹೆಣ್ಣುಮಕ್ಕಳ ಹೆಸರು ಬಿಡಿಸಿದ್ದರೆ ಇನ್ನೂ ಕಷ್ಟ. ಅರ್ಜಿಯ ಜೊತೆ ಕೊಟ್ಟ ಪ್ರಮಾಣಪತ್ರ (ಅಫಿಡವಿಟ್) ಸುಳ್ಳಾದಂತೆ, ಅದಕ್ಕೆ ಕ್ರಿಮಿನಲ್ ದೂರು ಬೀಳಬಹುದು.

‘ಅವರೇ ಒಪ್ಪಿಗೆ ಬರೆದುಕೊಟ್ಟಿದ್ದಾರಲ್ಲ’ ಎಂಬುದು ಮುಂದಿನ ಮಾತು. ನಾಡಕಚೇರಿಗೆ ಕೊಟ್ಟ ಒಪ್ಪಿಗೆ ಪತ್ರ, ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಪತ್ರ, ಇವುಗಳಿಂದ ಖಾತೆ ಬದಲಾಗಬಹುದು, ಹಕ್ಕು ಬದಲಾಗುವುದಿಲ್ಲ. ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಟ್ಟುಕೊಡಲು ನೋಂದಾಯಿತ ಪತ್ರವೇ ಬೇಕು (ನೋಂದಣಿ ಕಾಯ್ದೆ, 1908, 17ನೇ ಕಲಮು). ಅಪ್ಪ ಬದುಕಿದ್ದಾಗಲೇ, ಅವರ ಸ್ವಯಾರ್ಜಿತ ಆಸ್ತಿಗೆ ‘ಮುಂದೆ ಪಾಲು ಕೇಳುವುದಿಲ್ಲ’ ಎಂದು ಮಗಳಿಂದ ಬರೆಸಿಕೊಂಡ ಕಾಗದವನ್ನೂ ನೆಚ್ಚಬೇಡಿ. ಆಗ ಅವಳಿಗೆ ಬಿಟ್ಟುಕೊಡಲು ಹಕ್ಕೇ ಬಂದಿರುವುದಿಲ್ಲ. ಮದುವೆಗೆ ಒಡವೆ ಹಾಕಿದ್ದೂ, ಸಾಲ ಮಾಡಿ ಖರ್ಚು ಮಾಡಿದ್ದೂ ಪಾಲಿಗೆ ಬದಲಿಯಲ್ಲ.

ಲೆಕ್ಕ ಹೀಗೆ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956 ಅನ್ವಯಿಸುವ ಕುಟುಂಬದಲ್ಲಿ (ಮುಸ್ಲಿಂ, ಕ್ರೈಸ್ತ ಕುಟುಂಬಗಳ ಲೆಕ್ಕ ಬೇರೆ) ಅಪ್ಪನ ಸ್ವಯಾರ್ಜಿತ 4 ಎಕರೆ ಇದೆ, ಉಯಿಲಿಲ್ಲ ಎಂದುಕೊಳ್ಳಿ. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಅಪ್ಪನ ತಾಯಿಯೂ ಬದುಕಿದ್ದಾರೆ. 160 ಗುಂಟೆ ಐದು ಪಾಲಾಗಿ ತಲಾ 32 ಗುಂಟೆ. ಅಜ್ಜಿಯನ್ನು ಮರೆಯುವವರೇ ಹೆಚ್ಚು. ಮಗಳೊಬ್ಬಳು ಅಪ್ಪನಿಗಿಂತ ಮೊದಲೇ ತೀರಿಹೋಗಿದ್ದರೆ ಅವಳ 32 ಗುಂಟೆ ಅವಳ ಮಕ್ಕಳಿಗೆ ಹೋಗುತ್ತದೆ; ಅಳಿಯನಿಗೆ ಇದರಲ್ಲಿ ಪಾಲಿಲ್ಲ.

ಪಿತ್ರಾರ್ಜಿತವಾದರೆ ತಾಯಿ, ಅಜ್ಜಿಯರ ಲೆಕ್ಕ ಬದಲಾದೀತು, ಆದರೆ ಮಗಳ ಪಾಲು ಮಗನ ಪಾಲಿಗೆ ಸಮವೇ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿಯಲ್ಲಿ ಆಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳು ಹೊರಗಿದ್ದರು. ಹಳ್ಳಿಗಳಲ್ಲಿ ಇಂದಿಗೂ ಓಡಾಡುವ ‘ಮದುವೆಯಾದವಳಿಗೆ ಇಲ್ಲ’ ಎಂಬ ಮಾತಿಗೆ ಅದೂ ಒಂದು ಕಾರಣವಿರಬಹುದು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಖಚಿತಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ವಿಭಾಗ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಕೆದಕುವಂತಿಲ್ಲ. ಪಂಚಾಯ್ತಿ ಕಟ್ಟೆಯಲ್ಲಿ ಬರೆದ ಪಾಲುಪಟ್ಟಿಗೆ ಸಾಮಾನ್ಯವಾಗಿ ಈ ರಕ್ಷಣೆ ಸಿಗುವುದಿಲ್ಲ. ನೋಂದಾಯಿತ ಪತ್ರ ಅಥವಾ ಡಿಕ್ರಿಯಿಂದಲೇ ಪಾಲಾಗಿದ್ದರೂ, ಅಪ್ಪನ ಭಾಗಕ್ಕೆ ಬಂದ ಜಮೀನಿನಲ್ಲಿ ಅವರ ನಂತರ ಹೆಣ್ಣುಮಕ್ಕಳಿಗೆ ಪಾಲು ಇದ್ದೇ ಇದೆ.

ನಿಮ್ಮ ಪರ ಉತ್ತರ ತಿರುಗುವುದು ಉಯಿಲಿದ್ದರೆ. ಸ್ವಯಾರ್ಜಿತವನ್ನು ಅಪ್ಪ ಪೂರ್ತಿಯಾಗಿ ಒಬ್ಬ ಮಗನಿಗೇ ಬರೆಯಬಹುದು, ಪಿತ್ರಾರ್ಜಿತದಲ್ಲಿ ತಮ್ಮ ಪಾಲನ್ನು ಮಾತ್ರ. ಆದರೆ ಸಹೋದರಿಯರು ಆ ಉಯಿಲಿಗೇ ತಕರಾರು ಹಾಕಿದರೆ ತಹಶೀಲ್ದಾರರು ಅದನ್ನು ತೀರ್ಮಾನಿಸುವಂತಿಲ್ಲ. ಸಿವಿಲ್ ಕೋರ್ಟಿಗೆ ಹೋಗಬೇಕು.

‘ಹನ್ನೆರಡು ವರ್ಷದಿಂದ ನಾನೇ ಉಳುತ್ತಿದ್ದೇನೆ’ ಎಂಬ ವಾದವೂ ಸುಲಭವಾಗಿ ನಿಲ್ಲದು. ಸಹಮಾಲೀಕನೊಬ್ಬನ ಸ್ವಾಧೀನ ಎಲ್ಲರ ಪರವಾದ ಸ್ವಾಧೀನ. ‘ನಿಮಗೆ ಹಕ್ಕೇ ಇಲ್ಲ’ ಎಂದು ಅವರಿಗೆ ಗೊತ್ತಾಗುವಂತೆ ಹೊರಗಿಟ್ಟು ಅಷ್ಟು ವರ್ಷ ಕಳೆದದ್ದನ್ನು ನೀವು ಸಾಬೀತು ಮಾಡಬೇಕು. ಸುಗ್ಗಿಯಲ್ಲಿ ತಂಗಿಗೆ ಎರಡು ಮೂಟೆ ರಾಗಿ ಕಳಿಸಿದ್ದರೆ ಅದೇ ನಿಮ್ಮ ವಿರುದ್ಧ ಸಾಕ್ಷಿಯಾದೀತು.

ಹಾಗಾದರೆ ಮಾಡುವುದೇನು? ಮೊದಲು ಎಲ್ಲ ವಾರಸುದಾರರ ಹೆಸರಿಗೆ ಜಂಟಿ ಖಾತೆ ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲರ ಆಧಾರ್ ಸಾಕು. ಖಾತೆ ಇನ್ನೂ ಮುತ್ತಜ್ಜನ ಹೆಸರಲ್ಲಿದ್ದರೆ ಅವರಿಂದ ಕೆಳಗೆ ಪ್ರತಿ ತಲೆಮಾರಿನ ಮರಣ ದಾಖಲೆ ಬೇಕು. ಸಾವು ನೋಂದಣಿಯೇ ಆಗದೆ ವರ್ಷ ಮೀರಿದ್ದರೆ, ಈಗಿನ ತಿದ್ದುಪಡಿಯಂತೆ ಜಿಲ್ಲಾ ಅಥವಾ ಉಪವಿಭಾಗೀಯ ಮ್ಯಾಜಿಸ್ಟ್ರೇಟರ ಇಲ್ಲವೇ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ಕೆಲಸ ತಿಂಗಳುಗಟ್ಟಲೆ ನಿಲ್ಲುವುದು ಇಲ್ಲೇ. ಪಹಣಿಯಲ್ಲಿ ‘ತಿಮ್ಮಯ್ಯ’, ಆಧಾರಿನಲ್ಲಿ ‘ತಿಮ್ಮೇಗೌಡ’ ಎಂದಿದ್ದರಂತೂ ಇನ್ನಷ್ಟು.

ಜಂಟಿ ಖಾತೆಯಾದ ಮೇಲೆ ಸಹೋದರಿಯರು ಮನಸಾರೆ ಬಿಟ್ಟುಕೊಡುವುದಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ. ಪಾಲು ಬೇಕೆಂದರೆ 11ಇ ನಕ್ಷೆ (ಪಾಲಾಗುವ ತುಂಡುಗಳನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ ನೋಂದಾಯಿತ ವಿಭಾಗ ಪತ್ರ. ನಕ್ಷೆಯಿಲ್ಲದೆ ಸರ್ವೆ ನಂಬರಿನ ಒಂದು ತುಂಡು ನೋಂದಣಿಯಾಗುವುದಿಲ್ಲ. ತೀರಿಹೋದ ಅಕ್ಕನ ಮಕ್ಕಳು ಅಪ್ರಾಪ್ತರಾಗಿದ್ದರೆ ಅವರ ಪಾಲು ಬಿಡಿಸಿಕೊಳ್ಳಲು ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು, ಬರೀ ತಂದೆಯ ಸಹಿ ಸಾಲದು.

ಇದೇ ಪ್ರಶ್ನೆಯನ್ನು ಆ ಕಡೆಯಿಂದ ಕೇಳುವ ಅಕ್ಕತಂಗಿಯರೂ ಬರುತ್ತಾರೆ. ಖಾತೆ ಆದೇಶ ತಲುಪಿದ ಅಥವಾ ಗೊತ್ತಾದ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಅವಧಿ ಮುಗಿದಿದ್ದರೂ ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆ ಹೂಡಲು ಅಡ್ಡಿಯಿಲ್ಲ. ಅಣ್ಣ ಆಗಲೇ ಮಾರಿಬಿಟ್ಟಿದ್ದರೆ ಕೊಂಡವರಿಗೆ ದಕ್ಕುವುದು ಅಣ್ಣನ ಪಾಲಿನಷ್ಟೇ. ದಾವೆಯಲ್ಲಿ ಕೊಂಡವರನ್ನೂ ಪ್ರತಿವಾದಿ ಮಾಡಿ, ಇನ್ನು ಮುಂದೆ ಯಾರಿಗೂ ಮಾರದಂತೆ ತಡೆಯಾಜ್ಞೆಯ ಅರ್ಜಿಯನ್ನು ಅದೇ ದಿನ ಹಾಕಿಸಿ.