ರಿಜಿಸ್ಟರಲ್ಲಿ ರೆಫರ್ಡ್, ಚೀಟಿ ಚೀಲದಲ್ಲೇ

ಎಚ್‌ಐವಿ ಇರೋರಿಗೆ ಗುಳಿಗೆ ಕೊಡೋ ಎಆರ್‌ಟಿ ಸೆಂಟರಲ್ಲಿ ಕೌನ್ಸಿಲರ್ ಆಗಿ ಒಂಬತ್ತು ವರ್ಷ ಆಯ್ತು ನಂಗೆ, ಉತ್ತರ ಕರ್ನಾಟಕದ ಕಡೆ, ಊರ ಹೆಸರು ಬೇಡ ಬಿಡಿ. ಇದು ನಾನೇ ಮಾಡಿದ ತಪ್ಪಿನ ಕಥೆ.

ಒಬ್ಬಾಕೆ ಬರ್ತಿದ್ರು, ಮೂವತ್ತೆಂಟು ವಯಸ್ಸು, ಕೂಲಿ ಕೆಲಸ. ಗುಳಿಗೆ ಒಂದು ದಿನ ತಪ್ಪಿಸಿದವರಲ್ಲ, ಡಬ್ಬಿ ಬಸ್ಸಲ್ಲಿ ಗಲಗಲ ಅಂದ್ರೆ ಪಕ್ಕದವರು ಕೇಳ್ತಾರೆ ಅಂತ ಒಳಗೆ ಹತ್ತಿ ತುರುಕಿ ಒಯ್ಯೋರು. ವೈರಲ್ ಲೋಡ್, ಅಂದ್ರೆ ರಕ್ತದಲ್ಲಿ ಎಚ್‌ಐವಿ ಎಷ್ಟಿದೆ ಅನ್ನೋ ಟೆಸ್ಟ್, ಪ್ರತಿ ಸಲ ಚೆನ್ನಾಗೇ ಬರ್ತಿತ್ತು, ಹಾಗಾಗಿ ನಾನು ಆಕೆ ಜೊತೆ ಎರಡು ನಿಮಿಷ ಮಾತಾಡಿ ಕಳಿಸ್ತಿದ್ದೆ, ಕಷ್ಟದ ಕೇಸ್‌ಗಳು ಹೊರಗೆ ಕ್ಯೂನಲ್ಲಿ ಕೂತಿರ್ತಾವಲ್ಲ. ವರ್ಷಕ್ಕೊಂದ್ಸಲ ಗರ್ಭಕೋಶದ ಬಾಯಿ ಚೆಕ್ ಮಾಡಿಸಿ ಅಂತ ಚೀಟಿ ಬರೆದು ಕೊಟ್ಟು ರಿಜಿಸ್ಟರಲ್ಲಿ "ರೆಫರ್ಡ್" ಅಂತ ಟಿಕ್ ಹಾಕಿದ್ರೆ ನನ್ನ ಕೆಲಸ ಮುಗೀತು ಅನ್ಕೊಂಡಿದ್ದೆ.

ಮೂರನೇ ವರ್ಷ ಬಂದಾಗ, ಮುಟ್ಟು ಮುಗಿದ ಮೇಲೂ ರಕ್ತ ಹೋಗ್ತದ ಅಂದ್ರು. ಆಕೆಯ ಚಿಕಿತ್ಸೆಯ ಹಸಿರು ಬುಕ್ ತಗೊಂಡು ನೋಡಿದ್ರೆ ಅದರ ಪ್ಲಾಸ್ಟಿಕ್ ಕವರ್ ಒಳಗೆ ನಾನು ಕೊಟ್ಟ ಮೂರೂ ಚೀಟಿ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದು ಹಾಗೇ ಇದಾವೆ. ನಂಗೆ ಸಿಟ್ಟು ಬಂತು, ಯಾಕ್ ಹೋಗ್ಲಿಲ್ಲ ಅಂತ ಜೋರಾಗೇ ಕೇಳ್ದೆ. ಆಕೆ ಚೀಟಿ ಬಿಚ್ಚಿ ನಮ್ಮ ಸೆಂಟರ್ ಸೀಲ್ ಮೇಲೆ ಬೆರಳಿಟ್ಟು, "ಈ ಸಿಕ್ಕಾ ಹಿಡ್ಕೊಂಡು ಆ ಸಾಲಿನ್ಯಾಗ ಹೆಂಗ ನಿಂದರ್ಲಿ ಮೇಡಂ, ಅಲ್ಲಿ ಆಯಾ ನಮ್ಮೂರಾಕಿ" ಅಂದ್ರು.

ಸೀಲು! ನೇರಳೆ ಇಂಕ್‌ನಲ್ಲಿ ಎಆರ್‌ಟಿ ಸೆಂಟರ್ ಅಂತ ದಪ್ಪಗೆ. ದಿನಕ್ಕೆ ನೂರು ಸಲ ಒತ್ತೋ ನಂಗೆ ಅದು ಕಂಡೇ ಇರಲಿಲ್ಲ. ಒಪ್ಪಿಗೆ ಇಲ್ದೆ ಸ್ಟೇಟಸ್ ಹೊರಗೆ ಹೇಳಬಾರದು ಅಂತ 2017ರ ಎಚ್‌ಐವಿ ಕಾಯ್ದೆನೇ ಇದೆ, ಟ್ರೈನಿಂಗಲ್ಲಿ ನಾನೇ ಪಾಠ ಮಾಡಿದೀನಿ.

ಇನ್ನೊಂದು ತಪ್ಪು ಅಂದ್ರೆ ಯಾಕೆ ಹೋಗಬೇಕು ಅಂತ ಬಿಡಿಸಿ ಹೇಳ್ಲೇ ಇಲ್ಲ. ಗರ್ಭಕೋಶದ ಬಾಯಿ ಕ್ಯಾನ್ಸರ್ ತರೋ ವೈರಸ್ ಎಚ್‌ಪಿವಿ ಬಹಳ ಜನಕ್ಕೆ ಯಾವಾಗ್ಲೋ ತಗಲತ್ತೆ, ಮೈ ಚರ್ಮದ ಸಂಪರ್ಕದಿಂದ್ಲೂ ಬರೋದ್ರಿಂದ ಕಾಂಡೋಮ್ ಪೂರ್ತಿ ತಡೆಯಲ್ಲ, ಆದ್ರೆ ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ಮೈ ತಾನೇ ಅದನ್ನ ಓಡಿಸಿಬಿಡತ್ತೆ. ಎಚ್‌ಐವಿ ಇದ್ರೆ ಓಡಿಸೋ ಶಕ್ತಿ ಕಮ್ಮಿ, ವೈರಸ್ ಅಲ್ಲೇ ಬೀಡು ಬಿಡತ್ತೆ, ಬೇರೆಯವರಿಗೆ ಕ್ಯಾನ್ಸರ್ ಆಗೋಕೆ 15-20 ವರ್ಷ ಹಿಡಿದ್ರೆ ಎಚ್‌ಐವಿಗೆ ಚಿಕಿತ್ಸೆ ಇಲ್ಲದವರಿಗೆ 5-10 ವರ್ಷ ಸಾಕು, ಒಟ್ಟಾರೆ ಅಪಾಯ ಸುಮಾರು ಆರು ಪಟ್ಟು. ಅದಕ್ಕೇ ಡಬ್ಲ್ಯೂಎಚ್‌ಒ ಬೇರೆ ಹೆಂಗಸರಿಗೆ 30ರಿಂದ ಚೆಕಪ್ ಅಂದ್ರೆ ಇವರಿಗೆ 25ರಿಂದ್ಲೇ ಅನ್ನತ್ತೆ. ಗುಳಿಗೆ ಸರಿಯಾಗಿ ತಗೊಂಡ್ರೆ ಅಪಾಯ ಇಳಿಯತ್ತೆ, ಹೋಗಲ್ಲ. ವೈರಲ್ ಲೋಡ್ ರಿಪೋರ್ಟಲ್ಲಿ ಎಚ್‌ಪಿವಿ ಕಾಣೋದೂ ಇಲ್ಲ, ನಾನು ಮೂರು ವರ್ಷ ಆ ರಿಪೋರ್ಟ್ ನೋಡಿ ಖುಷಿ ಪಟ್ಟಿದ್ದು ಇದೇ ಗೊತ್ತಿದ್ದೂ. (ತಮಾಷೆ ಅಂದ್ರೆ 2008ರ ನೊಬೆಲ್‌ನ ಈ ಎರಡೂ ವೈರಸ್ ಕಂಡುಹಿಡಿದವರಿಗೆ ಹಂಚಿ ಕೊಟ್ಟಿದ್ರು, ನಮ್ಮ ಆಸ್ಪತ್ರೇಲಿ ಎರಡಕ್ಕೂ ಬೇರೆ ಬೇರೆ ಬಾಗಿಲು.)

ಆಕೆಗೆ ಕ್ಯಾನ್ಸರ್ ಆಗಲೇ ಆಗಿತ್ತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ರೇಡಿಯೇಶನ್ ಮುಗಿಸಿ ಬಂದ್ರು, ಈಗಲೂ ಗುಳಿಗೆ ತಪ್ಪಿಸಲ್ಲ. ನನ್ನ ಮೇಲೆ ಸಿಟ್ಟಿಲ್ಲ ಅಂತಾರೆ, ಅದೇ ಕಷ್ಟ ನಂಗೆ.

ಈಗ ಚೀಟಿಗೆ ನಮ್ಮ ಸೀಲ್ ಒತ್ತಲ್ಲ, ಮಾಮೂಲಿ ಓಪಿಡಿ ಚೀಟಿನೇ. ಗೈನಿಕ್ ಸಿಸ್ಟರ್ ಹತ್ರ ಮಾತಾಡಿ ಗುಳಿಗೆ ದಿನವೇ ಮಧ್ಯಾಹ್ನ ರಶ್ ಇಲ್ದಾಗ ಟೈಮ್ ತಗೊಂಡಿದೀವಿ, ನಾನೇ ಜೊತೆಗೆ ಹೋಗಿ ಬಾಗಿಲ ಹೊರಗೆ ಕೂರ್ತೀನಿ. ವಿನೆಗರ್ ಥರದ ನೀರು ಹಚ್ಚಿ ಒಂದು ನಿಮಿಷ ಕಾದು ಬೆಳ್ಳಗಾಗತ್ತಾ ನೋಡ್ತಾರೆ, ಅಷ್ಟೇ, "ಇಷ್ಟಕ್ಕ ಇಷ್ಟ್ ಹೆದರಿದ್ನೇನ್ರಿ" ಅಂತ ಹೊರಗೆ ಬರ್ತಾರೆ. ರಿಜಿಸ್ಟರಲ್ಲಿ "ರೆಫರ್ಡ್" ಪಕ್ಕ ಸ್ಕೇಲ್ ಇಟ್ಟು ಇನ್ನೊಂದು ಕಾಲಂ ಎಳೆದಿದೀನಿ, "ಹೋದ್ರಾ?" ಅಂತ. ಹೋದ ವಾರ ಆರು ಜನಕ್ಕೆ ಹೇಳ್ದೆ, ನಾಲ್ಕು ಜನ ಬಂದ್ರು, ಒಬ್ರಿಗೆ ಮುಟ್ಟಿನ ದಿನ, ಇನ್ನೊಬ್ರು ಬಸ್ ತಪ್ಪತ್ತೆ ಅಂತ ಓಡಿದ್ರು, ಇವತ್ತು ಅವರಿಗೆ ಫೋನ್ ಮಾಡಬೇಕು.