ಮೀನು ತವರಿಗೆ ಹೋದದ್ದು

ಬೇಸಿಗೆ ರಜೆಗೆ ಅಕ್ಕ ಮಕ್ಕಳೊಂದಿಗೆ ಬಂದಿದ್ದಳು. ಭಾನುವಾರ ಅವಳೂ ಅಮ್ಮನೂ ಒಂದು ಮದುವೆಗೆ ಹೊರಟರು, ಮಕ್ಕಳು ನನ್ನ ಪಾಲಿಗೆ ಬಂದರು. ‘ಯಾವುದಾದರೂ ಕಾರ್ಟೂನ್ ಸಿನಿಮಾ ಹಾಕಿ ಕೂರಿಸು. ಆದರೆ ಮೊದಲು ನೀನು ನೋಡಿಬಿಡು. ಚಿಕ್ಕವಳು ಹೆದರಿಕೊಂಡರೆ ರಾತ್ರಿಯೆಲ್ಲ ಎದ್ದು ಕೂರಬೇಕಾದವಳು ನಾನು’ ಎಂದು ಹಿಂದಿನ ದಿನವೇ ಅಕ್ಕ ಹೇಳಿದ್ದಳು. ದೊಡ್ಡವನಿಗೆ ಒಂಬತ್ತು, ಚಿಕ್ಕವಳಿಗೆ ಐದು.

ನಾನು ಆರಿಸಿಕೊಂಡದ್ದು 2003ರ ‘ಫೈಂಡಿಂಗ್ ನೀಮೋ’. ಅಮೆರಿಕದಲ್ಲಿ ಅದಕ್ಕೆ ಸಿಕ್ಕಿದ್ದು ‘ಜಿ’, ಅಂದರೆ ಯಾವ ವಯಸ್ಸಿನವರೂ ನೋಡಬಹುದು. ನಮ್ಮ ಸೆನ್ಸಾರ್ ಮಂಡಳಿಯವರು ಯುಎ (ಅಂದರೆ ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬೇಕು) ಎಂಬ ಒಂದೇ ಗಂಟನ್ನು ಬಿಚ್ಚಿ 7, 13, 16 ಎಂದು ವಯಸ್ಸಿಗೆ ತಕ್ಕಂತೆ ಮೂರು ಮಾಡಿದ್ದು 2024ರಲ್ಲಿ. ಅದಕ್ಕೂ ಮೊದಲು, 2016ರಲ್ಲಿ, ‘ದಿ ಜಂಗಲ್ ಬುಕ್’ ಚಿತ್ರಕ್ಕೆ ಅವರು ಯು/ಎ ಕೊಟ್ಟಾಗ ಗಹಗಹಿಸಿ ನಕ್ಕವರಲ್ಲಿ ನಾನೂ ಒಬ್ಬ. ಮಕ್ಕಳಿಲ್ಲದ ಮನೆಯಲ್ಲಿ ಕುಳಿತು ನಗುವುದಕ್ಕೆ ಏನು ಖರ್ಚು?

ಶನಿವಾರ ರಾತ್ರಿ ಪೆನ್ನು, ಹಾಳೆ ಹಿಡಿದು ನೋಡಲು ಕುಳಿತೆ. ಐದು ನಿಮಿಷವೂ ಆಗಿರಲಿಲ್ಲ, ಬೆವರು ಬಂತು. ಹವಳದ ದಿಬ್ಬದಲ್ಲಿ ಹೊಸ ಸಂಸಾರ ಹೂಡಿದ ಗಂಡ ಹೆಂಡತಿ ಮೀನು, ನಾನೂರಕ್ಕೂ ಹೆಚ್ಚು ಮೊಟ್ಟೆ, ಹೆಸರಿಡುವ ಸಡಗರ. ಅಷ್ಟರಲ್ಲಿ ಬರಾಕುಡಾ ಮೀನೊಂದು ನುಗ್ಗುತ್ತದೆ. ಗಂಡನಿಗೆ ಪ್ರಜ್ಞೆ ಬಂದಾಗ ಕತ್ತಲಾಗಿದೆ, ಹೆಂಡತಿ ಇಲ್ಲ, ಉಳಿದಿರುವುದು ಸೀಳುಬಿಟ್ಟ ಒಂದು ಮೊಟ್ಟೆ. ಒಂದು ತೊಟ್ಟು ರಕ್ತ ತೋರಿಸಿಲ್ಲ. ಆದರೂ ನಾನು ಟಿವಿ ನಿಲ್ಲಿಸಿ, ನೀರು ಕುಡಿದು ಬಂದೆ. ಆಮೇಲೆ ಹಾಳೆ ತುಂಬುತ್ತ ಹೋಯಿತು: ರಕ್ತದ ವಾಸನೆ ಹತ್ತಿದೊಡನೆ ಮೀನು ತಿನ್ನುವುದಿಲ್ಲವೆಂಬ ವ್ರತ ಮುರಿಯುವ ಶಾರ್ಕ್, ಹಣೆಯ ಮುಂದೆ ದೀಪ ತೂಗಿಸಿಕೊಂಡು ಕತ್ತಲಲ್ಲಿ ಬರುವ ಕೋರೆಹಲ್ಲಿನ ಮೀನು, ಲೋಳೆಮೀನುಗಳ ಹಿಂಡು. (ಕಥೆಯ ಅಪ್ಪ ಮೀನಿನ ಜಾತಿಯಲ್ಲಿ ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಡುತ್ತದಂತೆ. ನಿಜವಾದ ಸಮುದ್ರದಲ್ಲಾಗಿದ್ದರೆ ಕಥೆಯೇ ಬೇರೆ. ಅದನ್ನು ಹಾಳೆಯಲ್ಲಿ ಬರೆಯಲಿಲ್ಲ, ಅಕ್ಕನಿಗೂ ಹೇಳಲಿಲ್ಲ.)

ಬೇರೆ ಚಿತ್ರ ಹುಡುಕಬಹುದಿತ್ತು. ಆದರೆ ಮಗನನ್ನು ಹುಡುಕಿಕೊಂಡು ಸಿಡ್ನಿಯವರೆಗೆ ಈಜುವ ಆ ಪುಕ್ಕಲು ಅಪ್ಪನನ್ನು ಬಿಡಲು ಮನಸ್ಸಾಗಲಿಲ್ಲ. ಚಿಕ್ಕವಳಿಗೆ ಇಂಗ್ಲಿಷ್ ಬರುವುದಿಲ್ಲ, ಕಥೆಯನ್ನು ಕನ್ನಡದಲ್ಲಿ ಹೇಳುವವನು ನಾನೇ. ಕತ್ತರಿ ನನ್ನ ಬಾಯಲ್ಲೇ ಇದೆ ಎಂಬ ಧೈರ್ಯ.

ಭಾನುವಾರ ಬರಾಕುಡಾ ಬರುವ ಹೊತ್ತಿಗೆ ಸರಿಯಾಗಿ ಚಕ್ಕುಲಿ ಡಬ್ಬಿ ತೆರೆದೆ. ಚಿಕ್ಕವಳು ತಲೆಯೆತ್ತಿದಾಗ ಪರದೆಯ ಮೇಲೆ ಅಪ್ಪ ಮೀನು ಒಂದೇ.

‘ಅಮ್ಮ ಮೀನು ಎಲ್ಲಿ, ಮಾಮ?’

‘ತವರಿಗೆ ಹೋಗಿದೆ’ ಎಂದೆ. ದೊಡ್ಡವನು ನನ್ನ ಕಡೆ ಒಮ್ಮೆ ನೋಡಿದ. ಕಣ್ಣಲ್ಲೇ ಸುಮ್ಮನಿರಿಸಿದೆ.

ಶಾರ್ಕ್ ಬಂತು, ಅವಳು ನಕ್ಕಳು. ದೀಪದ ಮೀನು ಬಂದಾಗ ನಾನು ಅವಳ ಕಣ್ಣು ಮುಚ್ಚಲು ಹೋದೆ. ಕೈ ತಳ್ಳಿ, ‘ಅದಕ್ಕೆ ಯಾರು ಬ್ರಶ್ ಮಾಡಿಸುತ್ತಾರೆ?’ ಎಂದು ಕೇಳಿದಳು. ನನ್ನ ಹಾಳೆಯಲ್ಲಿದ್ದ ಒಂದೊಂದೇ ಭಯ ಹೀಗೆ ಚಕ್ಕುಲಿಯ ಜೊತೆ ಪುಡಿಯಾಯಿತು. ಆದರೆ ನಡುನಡುವೆ ಅದೇ ಪ್ರಶ್ನೆ: ‘ಅಮ್ಮ ಮೀನು ಇನ್ನೂ ಬರಲಿಲ್ಲವೇ?’ ನಾನು ‘ಬರುತ್ತದೆ, ಬರುತ್ತದೆ’ ಎನ್ನುತ್ತ ಹೋದೆ. ಸಿನಿಮಾ ಮುಗಿಯಿತು. ಅಪ್ಪ ಮಗ ಒಂದಾದರು. ದೊಡ್ಡವನು ಚಪ್ಪಾಳೆ ಹೊಡೆದ. ಚಿಕ್ಕವಳ ಗದ್ದ ನಡುಗುತ್ತಿತ್ತು.

‘ಮಗು ಕಳೆದುಹೋದರೂ ಅದು ತವರಿನಿಂದ ಬರಲೇ ಇಲ್ಲ’ ಎಂದಳು. ಆಮೇಲೆ, ‘ನಮ್ಮಮ್ಮ ತವರಿಗೆ ಬಂದರೆ ನಮ್ಮನ್ನೂ ಕರೆದುಕೊಂಡು ಬರುತ್ತಾಳೆ. ಅದು ಯಾಕೆ ಬಿಟ್ಟು ಹೋಯಿತು?’ ಎಂದು ಜೋರಾಗಿ ಅಳತೊಡಗಿದಳು.

ನನಗೆ ಬಾಯಿ ಕಟ್ಟಿಹೋಯಿತು. ದೊಡ್ಡವನೇ ಚಕ್ಕುಲಿ ಅಗಿಯುತ್ತ, ‘ಮಾಮ ಸುಳ್ಳು ಹೇಳಿದ್ದು. ದೊಡ್ಡ ಮೀನು ಬಂತಲ್ಲ, ಅದು ತಿಂದುಹಾಕಿತು. ಮೊಟ್ಟೆಗಳನ್ನು ಉಳಿಸಲು ಹೋಗಿ ಅಮ್ಮ ಮೀನು ಸತ್ತುಹೋಯಿತು’ ಎಂದ. ನಾನು ಉಸಿರು ಬಿಗಿಹಿಡಿದೆ. ಅವಳ ಅಳು ನಿಂತಿತು. ಅಣ್ಣನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ‘ಬಿಟ್ಟು ಹೋಗಲಿಲ್ಲ ಹಾಗಾದರೆ?’ ಎಂದು ಕೇಳಿದಳು.

‘ಇಲ್ಲ.’

ಮೂಗು ಒರೆಸಿಕೊಂಡು, ಮೊದಲಿನಿಂದ ಹಾಕು ಎಂದಳು. ಹಾಕಿದೆ. ಈ ಸಲ ಡಬ್ಬಿ ತೆರೆಯಲಿಲ್ಲ. ಬರಾಕುಡಾ ನುಗ್ಗಿದಾಗ ನನ್ನ ಮೊಣಕಾಲು ಹಿಡಿದುಕೊಂಡು ಪೂರ್ತಿ ನೋಡಿದಳು.

ರಾತ್ರಿ ಅಕ್ಕ ವರದಿ ಕೇಳಿದಳು. ಎಲ್ಲ ಸರಿಹೋಯಿತು ಎಂದೆ. ನಾನು ಹಾಳೆಯಲ್ಲಿ ಬರೆಯದೇ ಬಿಟ್ಟದ್ದು ಇನ್ನೊಂದು ಇತ್ತು: ಮರಿಮೀನನ್ನು ಹಿಡಿದು ಕ್ಲಿನಿಕ್ಕಿನ ಗಾಜಿನ ತೊಟ್ಟಿಯಲ್ಲಿ ಇಡುವವನು ಹಲ್ಲಿನ ಡಾಕ್ಟರು. ಚಿಕ್ಕವಳ ಹಾಲುಹಲ್ಲಿನ ಹುಳುಕು ತೋರಿಸಲು ಬುಧವಾರ ಹೋಗುವುದಿತ್ತು, ನಮ್ಮ ಬೀದಿಯ ಆ ಕ್ಲಿನಿಕ್ಕಿನಲ್ಲೂ ಒಂದು ತೊಟ್ಟಿಯಿದೆ.

ಅವಳು ಹೆದರಲೇನೂ ಇಲ್ಲ. ಹೆಸರು ಕರೆದಾಗ ತೊಟ್ಟಿಯ ಮುಂದಿನಿಂದ ಏಳಲಿಲ್ಲ, ಅಷ್ಟೇ. ಒಳಗೆ ಎರಡು ಗೋಲ್ಡ್‌ಫಿಶ್ ಇದ್ದವು. ನರ್ಸ್ ಬಂದು ಪಕ್ಕದಲ್ಲಿ ಬಗ್ಗಿದಾಗ, ಗಾಜಿನ ಮೇಲೆ ಬೆರಳಿಟ್ಟು ಕೇಳಿದಳು: ‘ಇವುಗಳ ಅಪ್ಪನಿಗೆ ಇಲ್ಲಿಯ ವಿಳಾಸ ಗೊತ್ತಿದೆಯೇ?’