ನಾವು ಬರೆದ ಸೊನ್ನೆ

ಸರ್ ತೀರಿಹೋದ ಸುದ್ದಿ ಬಂದದ್ದು ತುಳುವಿನ ಆಟಿ ತಿಂಗಳ ಒಂದು ಬೆಳಿಗ್ಗೆ, ನಮ್ಮ ಬಿ.ಕಾಂ. ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ. ಐದು ನಿಮಿಷದಲ್ಲಿ ಸಾಲು ಸಾಲು ಕೈಮುಗಿದ ಚಿತ್ರಗಳು. ಮಲ್ಪೆಯ ಗೆಳೆಯ ಮಾತ್ರ ಒಂದು ಸಾಲು ಬರೆದ: "ಸೊನ್ನೆ ನೆನಪುಂಟಾ?" ನಾನು ಆಫೀಸಿನಲ್ಲಿ ಕೂತು ಜೋರಾಗಿ ನಕ್ಕುಬಿಟ್ಟೆ. ಸಾವಿನ ಸುದ್ದಿ ಓದಿ ನಗುವವನನ್ನು ಪಕ್ಕದ ಟೇಬಲಿನವರು ಹೇಗೆ ನೋಡಬೇಕೋ ಹಾಗೆ ನೋಡಿದರು. ಹಾಗಾಗಿ ಮ್ಯಾಗಜಿನ್‌ಗೆ ಏನಾದರೂ ಬರೆದುಕೊಡಿ ಅಂತ ಕಾಲೇಜಿನಿಂದ ಫೋನ್ ಬಂದಾಗ ವಿಷಯ ಹುಡುಕಬೇಕಾಗಲಿಲ್ಲ.

ನಾವು ಉಡುಪಿಯಲ್ಲಿ ಡಿಗ್ರಿಗೆ ಸೇರಿದ್ದು 2004ರಲ್ಲಿ. ಪರಿಸರ ಅಧ್ಯಯನ ಅಂತ ಒಂದು ಕಡ್ಡಾಯ ಪೇಪರ್ ಆಗಷ್ಟೇ ಬಂದಿತ್ತು. ಪರಿಸರದ ಪಾಠ ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದು 1991ರಲ್ಲಿ. ಅದು ಡಿಗ್ರಿ ಕ್ಲಾಸಿಗೆ ಬಂದು ತಲುಪಲು ಹತ್ತು ವರ್ಷದ ಮೇಲೆ ಹಿಡಿಯಿತು, ನಮ್ಮ ತಲೆಗೆ ತಲುಪಲು ಇನ್ನೂ ಜಾಸ್ತಿ. ಟೈಮ್‌ಟೇಬಲಿನಲ್ಲಿ ಎಲ್ಲೂ ಜಾಗ ಇಲ್ಲದೆ ಅದನ್ನು ಶನಿವಾರದ ಕೊನೆಯ ಪೀರಿಯಡ್ಡಿಗೆ ತುರುಕಿದ್ದರು. ಪಾಠಕ್ಕೆ ಬಂದವರು ಬಾಟನಿಯ ಸರ್. ಅರ್ಧ ತೋಳಿನ ಬಿಳಿ ಅಂಗಿ, ಉದ್ದ ಹಿಡಿಯ ಕೊಡೆ, ಜೇಬಿನಲ್ಲಿ ನೂಲು ಕಟ್ಟಿದ ಒಂದು ಪುಟ್ಟ ಲೆನ್ಸ್. ಬ್ಯಾಲೆನ್ಸ್ ಶೀಟು ಕಲಿಯಲು ಬಂದ ನಮಗೆ ಈ ಲೆನ್ಸ್ ಯಾಕೆ ಅಂತ ನಮಗೂ ಗೊತ್ತಿರಲಿಲ್ಲ, ಬಹುಶಃ ಪ್ರಿನ್ಸಿಪಾಲರಿಗೂ.

ಸಿಲಬಸ್ ಏನಿತ್ತು ಅಂತ ಕೇಳಬೇಡಿ. ಇಕೋಸಿಸ್ಟಮ್ ಎಂಬ ಪದವನ್ನು ಟಾನ್ಸ್ಲಿ ಎಂಬ ಸಸ್ಯವಿಜ್ಞಾನಿ 1935ರಲ್ಲಿ ಬಳಸಿದ, ಸುಸ್ಥಿರ ಅಭಿವೃದ್ಧಿಯ ವ್ಯಾಖ್ಯೆ ವಿಶ್ವಸಂಸ್ಥೆಯ 1987ರ ಬ್ರಂಟ್‌ಲಾಂಡ್ ವರದಿಯದ್ದು. ಇಷ್ಟೇ ಉಳಿದಿರುವುದು, ಎರಡೂ ಎರಡು ಮಾರ್ಕಿನ ಪ್ರಶ್ನೆ ಆಗಿದ್ದ ಕಾರಣ.

ಮೀನಿನ ಪಾಠ ಮಾತ್ರ ಮರೆತಿಲ್ಲ. ಸರ್ ಶುದ್ಧ ಸಸ್ಯಾಹಾರಿ. ಮೀನಿನ ಹೆಸರು ಬೇಕಾದಾಗೆಲ್ಲ ಮಲ್ಪೆಯವನನ್ನು ಎಬ್ಬಿಸಿ ಕೇಳುತ್ತಿದ್ದರು. "ಅಂಜಲ್ ಎಂತ ತಿಂತದಾ?" "ಬೂತಾಯಿ ತಿಂತದೆ ಸರ್." "ಬೂತಾಯಿ?" ಅವನಿಗೆ ಗೊತ್ತಿರಲಿಲ್ಲ. ಬೂತಾಯಿ ತಿನ್ನುವುದು ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯಂಥ ಪ್ಲವಕಗಳನ್ನು. ಆಹಾರ ಸರಪಳಿಯಲ್ಲಿ ಒಂದು ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಹೋಗುವುದು ಶಕ್ತಿಯ ಸುಮಾರು ಹತ್ತನೇ ಒಂದು ಪಾಲು ಮಾತ್ರ, ಉಳಿದದ್ದು ಉಸಿರಾಟ, ಓಡಾಟ, ಶಾಖ ಅಂತ ಕಳೆದುಹೋಗುತ್ತದೆ. ಅಂದರೆ ಒಂದು ಕಿಲೋ ಅಂಜಲಿಗೆ ಹತ್ತು ಕಿಲೋ ಬೂತಾಯಿ, ನೂರು ಕಿಲೋ ಪ್ಲವಕ. "90 ಪರ್ಸೆಂಟ್ ಕಮಿಷನ್ ಹೊಡೆಯುವ ಬ್ರೋಕರ್ ಅಂತ ಬರ್ಕೊಳ್ಳಿ, ನಿಮಗೆ ಅದೇ ಅರ್ಥ ಆಗುದು" ಅಂದಿದ್ದರು. ನಿಜಕ್ಕೂ ಅರ್ಥ ಆಯಿತು.

ಸುಸ್ಥಿರ ಅಭಿವೃದ್ಧಿಯ ದಿನ ಮಳೆಗಾಲದ ಮೀನುಗಾರಿಕೆ ರಜೆಯ ವಿಷಯ ತೆಗೆದರು. ಈಗ ಅದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಅಸಲು ಮುಟ್ಟದೆ ಬಡ್ಡಿ ತಿನ್ನುವುದು ಅಂದರೆ ಇದೇ ಅಂದರು. ಮಲ್ಪೆಯವ ಹಿಂದಿನ ಬೆಂಚಿನಿಂದ, "ಪಕ್ಕದ ಬೋಟಿನವ ಅಸಲನ್ನೇ ಎತ್ತಿಕೊಂಡು ಹೋದ್ರೆ ಸರ್?" ಅಂದ. ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಪರೀಕ್ಷೆಗೆ ಬರುವುದಿಲ್ಲ ಮಾರಾಯ, ಇದಕ್ಕೆ ಉತ್ತರ ಗೊತ್ತಿದ್ದವರು ಪೇಪರ್ ತೆಗೆಯುವುದಿಲ್ಲ" ಅಂದರು. 2017ರಲ್ಲಿ ಕೇಂದ್ರ ಸರ್ಕಾರ ಬುಲ್ ಟ್ರಾಲಿಂಗ್ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು) ಮತ್ತು ಲೈಟ್ ಫಿಶಿಂಗ್ (ದೀಪ ಹಾಕಿ ಮೀನು ಸೆಳೆದು ಹಿಡಿಯುವುದು) ನಿಷೇಧಿಸಿದ ದಿನ ನನಗೆ ಅವನ ಪ್ರಶ್ನೆಯೇ ನೆನಪಾದದ್ದು.

ಈಗ ಸೊನ್ನೆಯ ಕತೆ. ಆಗಸ್ಟಿನ ಒಂದು ಶನಿವಾರ ಸರ್ ನಮ್ಮನ್ನು ಕಾಲೇಜಿನ ಹಿಂದಿನ ಪದವಿಗೆ, ಅಂದರೆ ಮುರಕಲ್ಲಿನ ಬೋಳು ಬಯಲಿಗೆ, ಕರೆದುಕೊಂಡು ಹೋದರು. ಲ್ಯಾಬಿನ ಅಟೆಂಡರ್ ಅಣ್ಣ ನಾಲ್ಕು ಗೂಟಕ್ಕೆ ತೆಂಗಿನ ಹುರಿ ಕಟ್ಟಿ, ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲದ ಚೌಕಗಳನ್ನು ಮಾಡಿಟ್ಟಿದ್ದ. ಕ್ವಾಡ್ರಾಟ್ ಅಂತ ಅದರ ಹೆಸರು. ಎಲ್ಲಾದರೂ ಹಾಕಿ, ಒಳಗೆ ಎಷ್ಟು ಜಾತಿಯ ಗಿಡ ಉಂಟು, ಯಾವುದು ಎಷ್ಟು ಉಂಟು ಅಂತ ಲೆಕ್ಕ ಮಾಡಿ ಬರೆಯಬೇಕು. ಎರಡೂವರೆಗೆ ಉಡುಪಿಯಲ್ಲಿ ಸಿನಿಮಾ ಇತ್ತು. ಹುಲ್ಲಿನಲ್ಲಿ ಹಾಕಿದವರು ಅಲ್ಲೇ ಸಂಜೆ ಮಾಡುತ್ತಾರೆ ಅಂತ ನನಗೆ ತಕ್ಷಣ ಹೊಳೆಯಿತು (ಆಡಿಟರ್ ಬುದ್ಧಿ ಆಗಲೇ ಇತ್ತು ನೋಡಿ). ಪದವಿನ ನಡುವೆ ಕರ್ರಗೆ ಬೋಳಾಗಿದ್ದ ಒಂದು ಕಡೆ ಚೌಕ ಹಾಕಿದೆವು. ಪುಸ್ತಕದಲ್ಲಿ ಬರೆದೆವು: ಜಾತಿಗಳ ಸಂಖ್ಯೆ 0. ಒಟ್ಟು ಗಿಡಗಳು 0. ಐದು ಜನ ಸಹಿ ಹಾಕಿ ಸರ್ ಕೈಗೆ ಕೊಟ್ಟೆವು.

ಸರ್ ಬಯ್ಯಲಿಲ್ಲ. ಕೊಡೆಯನ್ನು ಮಲ್ಪೆಯವನ ಕೈಗೆ ಕೊಟ್ಟು ಪ್ಯಾಂಟಿನ ಮೊಣಕಾಲು ಒದ್ದೆಯಾಗುವಂತೆ ಕಲ್ಲಿನ ಮೇಲೆ ಕೂತರು. ಲೆನ್ಸ್ ತೆಗೆದರು. "ಬಾ ಇಲ್ಲಿ, ಇದು ಎಂತ?" ಕಲ್ಲಿನ ಗುಳಿಯಲ್ಲಿ ಬೆರಳಿನುದ್ದದ ಒಂದು ಗಿಡ, ದಾರದಂಥ ಎಲೆ, ಎಲೆಯ ತುಂಬ ಕೆಂಪು ರೋಮ, ಒಂದೊಂದು ರೋಮದ ತುದಿಗೂ ಒಂದು ಹನಿ. ಮಳೆನೀರು ಅಂದುಕೊಂಡು ಮುಟ್ಟಿದೆ, ಅಂಟು. ಒಂದು ಎಲೆಯಲ್ಲಿ ಸೊಳ್ಳೆಯಂಥ ಹುಳ ಇನ್ನೂ ಕಾಲು ಆಡಿಸುತ್ತಿತ್ತು. ಡ್ರೊಸೆರಾ. ಇಲ್ಲಿ ಮಣ್ಣು ಅಂದರೆ ಉಗುರಿನಷ್ಟು, ಅದರಲ್ಲಿದ್ದ ಸಾರಜನಕವನ್ನೂ ಮಳೆ ತೊಳೆದುಕೊಂಡು ಹೋಗುತ್ತದೆ, ಹಾಗಾಗಿ ಈ ಗಿಡ ಹುಳ ಹಿಡಿದು ತಿನ್ನುತ್ತದೆ ಅಂತ ಸರ್ ಹೇಳುತ್ತಿದ್ದರೆ ನಾವು ಐದು ಜನವೂ ಮಂಡಿಯೂರಿದ್ದೆವು. ಅದರ ಪಕ್ಕ ಅಕ್ಕಿಕಾಳಿನಷ್ಟಿರುವ ನೀಲಿ ಹೂವು, ಯುಟ್ರಿಕ್ಯುಲೇರಿಯಾ. ಅದೂ ಬೇಟೆಯದ್ದೇ ಜಾತಿ, ಬಲೆ ಮಾತ್ರ ಒದ್ದೆ ಮಣ್ಣಿನೊಳಗೆ, ಸಣ್ಣ ಸಣ್ಣ ಚೀಲಗಳಾಗಿ. ಅಂಗಿಯ ಬಟನ್ನಿನಂಥ ಬಿಳಿ ಹೂವು, ಪಾಚಿ, ಕಲ್ಲುಹೂವು, ಎರಡು ತರದ ಹುಲ್ಲು. ಒಂಬತ್ತಕ್ಕೆ ಸರ್ ನಿಲ್ಲಿಸಿದರು. ನಮ್ಮ ಸೊನ್ನೆಯ ಪಕ್ಕ ಕೆಂಪು ಶಾಯಿಯಲ್ಲಿ 9 ಬರೆದು, ಕೆಳಗೆ "ಮತ್ತೆ ನೋಡಿ" ಅಂತ ಹಾಕಿದರು. ಪೆಟ್ಟು ಕೊಟ್ಟಿದ್ದರೆ ಮರೆತುಬಿಡುತ್ತಿದ್ದೆವು. ಸಿನಿಮಾಕ್ಕೆ ಹೋದೆವು ಅನ್ನಿ, ಇಂಟರ್ವೆಲ್ ಆದ ಮೇಲೆ.

ಏಳುವಾಗ ಸರ್ ಇನ್ನೊಂದು ಮಾತು ಹೇಳಿದ್ದರು. ಮುರಕಲ್ಲಿನ ತುಂಬ ತೂತು, ಪದವು ಕುಡಿದ ಮಳೆ ನಿಧಾನಕ್ಕೆ ಇಳಿದು ಕೆಳಗಿನ ಬೈಲಿನ ಬಾವಿಗಳಿಗೆ ಹೋಗುತ್ತದೆ ಅಂತ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ನಾನು ಈಗ ಮಂಗಳೂರಿನಲ್ಲಿ ಸಿ.ಎ. ಷೇರುಪೇಟೆಯ ಮೊದಲ 1000 ಕಂಪನಿಗಳು 2022-23ರಿಂದ ಪರಿಸರ, ಸಮಾಜದ ಹೊಣೆಯ ಬಗ್ಗೆ ಬಿಆರ್‌ಎಸ್‌ಆರ್ ಎಂಬ ವರದಿ ಕೊಡಲೇಬೇಕು ಅಂತ ಷೇರುಪೇಟೆಯ ನಿಯಂತ್ರಕ ಸೆಬಿ ನಿಯಮ ತಂದಿದೆ. ಎಷ್ಟು ನೀರು ಬಳಸಿದಿರಿ, ಎಷ್ಟು ಕಸ, ಎಷ್ಟು ಹೊಗೆ, ಎಲ್ಲ ಲೆಕ್ಕ. ಪಾಸಾದರೆ ಸಾಕು ಅಂದುಕೊಂಡಿದ್ದ ಪೇಪರಿನಿಂದಲೇ ಇವತ್ತು ನನ್ನ ಅರ್ಧ ಊಟ. ಕಳೆದ ವರ್ಷ ಒಂದು ಕಂಪನಿಯವರು ತಮ್ಮ ಹೊಸ ಗೋದಾಮಿನ ಜಾಗಕ್ಕೆ "ಬರೀ ಕಲ್ಲು, ಗಿಡಗಳಿಲ್ಲ" ಅಂತ ಬರೆದು ಕಳಿಸಿದರು. ಯಾವ ತಿಂಗಳಲ್ಲಿ ನೋಡಿದ್ದು ಅಂತ ಕೇಳಿದೆ. ಮಾರ್ಚ್. ಆಗಸ್ಟಿನಲ್ಲಿ ಇನ್ನೊಮ್ಮೆ ನೋಡಿ ಅಂದೆ. ನೋಡಿದರೋ ಬಿಟ್ಟರೋ, ಆ ಸಾಲಂತೂ ವರದಿಯಿಂದ ಹೋಯಿತು. ಇಂಥ ಪ್ರಶ್ನೆ ಕೇಳುವ ಆಡಿಟರ್ ಊರಲ್ಲಿ ನಾನೊಬ್ಬನೇ ಇರಬೇಕು ಅಂತ ಒಳಗೊಳಗೆ ಜಂಬ ಉಂಟು, ಸುಳ್ಳು ಯಾಕೆ ಹೇಳಲಿ.

ನನ್ನ ಮಗಳಿಗೂ ಪರಿಸರ ಪಾಠ ಉಂಟು. ಮೊನ್ನೆ ಪ್ರಾಜೆಕ್ಟಿಗೆ ಕಾಡಿನ ಪ್ರಿಂಟ್ ತೆಗೆದು, ಥರ್ಮೋಕೋಲಿಗೆ ಅಂಟಿಸಿ, ಪ್ಲಾಸ್ಟಿಕ್ ಹಾಕಿ ಕಳಿಸಿದೆವು. ಹತ್ತಕ್ಕೆ ಹತ್ತು ಬಂತು.

ಆಟಿ ಕಳೆದು ಸೋಣ ತಿಂಗಳಲ್ಲಿ ಕಾಲೇಜಿನಲ್ಲಿ ನಡೆದ ಸರ್ ನೆನಪಿನ ಸಭೆಗೆ ಹೋಗಿದ್ದೆ. ಭಾಷಣ ಮುಗಿದ ಮೇಲೆ ನಾನೂ ಮಲ್ಪೆಯವನೂ ಹಿಂದಕ್ಕೆ ಹೋದೆವು. ಪದವಿನ ಮೇಲೆ ಈಗ ಪಾರ್ಕಿಂಗ್, ನೀಟಾಗಿ ಇಂಟರ್‌ಲಾಕ್ ಹಾಕಿದ್ದಾರೆ. ಏಪ್ರಿಲ್‌ನಲ್ಲಿ ಹಾಸ್ಟೆಲಿಗೆ ಟ್ಯಾಂಕರ್ ಬರುತ್ತದಂತೆ. ಕಾಂಪೌಂಡಿನ ಮೂಲೆಯಲ್ಲಿ ಎರಡು ಮಾರಿನಷ್ಟು ಕಲ್ಲು ಹಾಗೇ ಉಳಿದಿತ್ತು. ಅವನು ಕೊಡೆ ಹಿಡಿದ, ನಾನು ಕೂತೆ. ಮೊಬೈಲಿನ ಕ್ಯಾಮರಾ ಹತ್ತಿರ ಹಿಡಿದು ಎರಡರವರೆಗೆ ಎಣಿಸಿರಬೇಕು, ಸೆಕ್ಯೂರಿಟಿಯವರು ಓಡಿಬಂದರು.

"ಎಂತ ಸರ್, ಕೀ ಬಿತ್ತಾ?"

ಮಲ್ಪೆಯವ ಹೌದು ಅಂದುಬಿಟ್ಟ. ಪಾಪ, ಅವರೂ ನಮ್ಮ ಜೊತೆ ಬಗ್ಗಿ ಹುಡುಕಲು ಶುರುಮಾಡಿದರು.